ಮಾತು ಮೈಗೆ ತಟ್ಟುವ ಬಗೆ

ಚುಚ್ಚುಮಾತು ಕಿವಿಗೆ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಕೇಳಿದವರ ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಏನು ಉತ್ತರ ಕೊಡಬೇಕೆಂದು ಬುದ್ಧಿ ಇನ್ನೂ ಹುಡುಕುತ್ತಿರುವಾಗಲೇ ಮೈ ಜಗಳಕ್ಕೆ ಸಜ್ಜಾಗಿರುತ್ತದೆ. ಈ ಅವಸರ ಸಿಂಪಥೆಟಿಕ್ ನರವ್ಯೂಹದ್ದು. ಅದರ ಸಂಕೇತ ನೇರವಾಗಿ ಹೃದಯವನ್ನು ಮುಟ್ಟುತ್ತದೆ. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿ ಅಡ್ರಿನಾಲಿನ್ ಸ್ರವಿಸುತ್ತದೆ. ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬರುವುದೂ ತಡ, ಇಳಿಯುವುದೂ ತಡ. ಮಾತು ನಿಂತು ಎಷ್ಟೋ ಹೊತ್ತಾದರೂ ಮನಸ್ಸು ಕುದಿಯುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ.

ಗಂಟಲು ಕಟ್ಟುವುದು ಬರೀ ನುಡಿಗಟ್ಟಲ್ಲ. ಉದ್ವೇಗದಲ್ಲಿ ಹೆಚ್ಚು ಗಾಳಿ ಒಳಗೆ ಹೋಗಲೆಂದು ಧ್ವನಿಪೆಟ್ಟಿಗೆಯ ಬಾಯಿ ಅಗಲವಾಗುತ್ತದೆ. ಆದರೆ ಉಗುಳು ನುಂಗಬೇಕಾದರೆ ಅದು ಮುಚ್ಚಲೇಬೇಕು. ಈ ಎಳೆದಾಟವೇ ಏನೋ ಸಿಕ್ಕಿಕೊಂಡಂತೆ ಅನ್ನಿಸುತ್ತದೆ ಎಂದು ವಿವರಿಸಲಾಗುತ್ತದೆ. ಅಳು ತಡೆದು ಮಾತಾಡಲು ಹೊರಟವರ ದನಿ ಒಡೆಯುವುದೂ ಇಲ್ಲಿಯೇ.

ಒಬ್ಬರ ಮೈಯಲ್ಲಿ ಎದ್ದದ್ದು ಎದುರಿನವರನ್ನೂ ತಾಕುತ್ತದೆ. ಅಮೆರಿಕದ ರಾಬರ್ಟ್ ಲೆವೆನ್ಸನ್ ಮತ್ತು ಜಾನ್ ಗಾಟ್‌ಮನ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ದಂಪತಿಗಳು ಮಾತಾಡುತ್ತಿರುವಾಗ ಅವರ ಎದೆಬಡಿತ, ಬೆವರು ಮುಂತಾದವನ್ನು ಅಳೆಯಲಾಯಿತು. ಸಾಮರಸ್ಯ ಕಡಿಮೆಯಿದ್ದ ಜೋಡಿಗಳಲ್ಲೇ ಇಬ್ಬರ ಏರಿಳಿತಗಳೂ ಹೆಚ್ಚು ಬೆಸೆದುಕೊಂಡಿದ್ದವು. ಒಲುಮೆ ಇದ್ದಲ್ಲಿ ಎದೆಗಳು ಒಟ್ಟಿಗೆ ಮಿಡಿಯುತ್ತವೆ ಎಂದು ನಂಬಿದವರಿಗೆ ಇದು ತುಸು ಇರುಸುಮುರುಸು ತರುವ ಫಲಿತಾಂಶ. ಗಾಟ್‌ಮನ್ ಇನ್ನೊಂದು ಉಪಾಯವನ್ನೂ ಮಾಡಿ ನೋಡಿದರು. ವಾದ ಶುರುವಾಗಿ 15 ನಿಮಿಷಕ್ಕೆ, ಉಪಕರಣ ಸರಿಪಡಿಸಬೇಕೆಂಬ ನೆಪ ಹೇಳಿ, ಗಂಡಹೆಂಡಿರ ಕೈಗೆ ಪತ್ರಿಕೆ ಕೊಟ್ಟು ಅರ್ಧ ಗಂಟೆ ಓದುತ್ತಾ ಕೂರಲು ಹೇಳಿದರು. ಮತ್ತೆ ಅದೇ ವಿಷಯ ಎತ್ತಿಕೊಂಡಾಗ ಎದೆಬಡಿತ ಇಳಿದಿತ್ತು, ಮಾತೂ ಹದಕ್ಕೆ ಬಂದಿತ್ತು.

ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಜ್ಯಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ ಚರ್ಮವನ್ನೇ ಸಾಕ್ಷಿಗೆ ಕರೆಯಿತು. 42 ದಂಪತಿಗಳ ಮುಂಗೈ ಮೇಲೆ ಹೀರುಯಂತ್ರದಿಂದ ಪುಟ್ಟ ಬೊಕ್ಕೆಗಳನ್ನು ಎಬ್ಬಿಸಿ, ಒಮ್ಮೆ ಪರಸ್ಪರ ಆಸರೆಯಾಗುವ ಮಾತು, ಇನ್ನೊಮ್ಮೆ ಭಿನ್ನಾಭಿಪ್ರಾಯದ ಮಾತು ಆಡಿಸಿದರು. ವಾದ ಮಾಡಿದ ಸಲ ಗಾಯ ನಿಧಾನವಾಗಿ ಮಾಯಿತು. ಎರಡೂ ಸಲ ಹಗೆತನದಿಂದಲೇ ಮಾತಾಡಿದ ಜೋಡಿಗಳಲ್ಲಿ ಮಾಯುವ ವೇಗ ಉಳಿದವರ ಶೇ. 60ರಷ್ಟೇ ಇತ್ತು ಎಂದು 2005ರ ವರದಿ ಹೇಳುತ್ತದೆ. ಗಾಯವಾದ ಜಾಗಕ್ಕೆ ರಕ್ಷಕ ಕಣಗಳನ್ನು ಕರೆತರುವ ಸೈಟೊಕೈನ್ ಎಂಬ ಪ್ರೋಟೀನುಗಳು ವಾದದ ನಂತರ ಅಲ್ಲಿ ಕಡಿಮೆಯಾಗಿದ್ದವು.