ಹಿನ್ನಡೆಯನ್ನು ಬಿಡಿಸಿ ನೋಡುವುದು ಹೇಗೆ?

ಸೋಲು ಬರುವಾಗ ಇಡೀ ಮನುಷ್ಯನ ಮೇಲೆ ಕೊಟ್ಟ ತೀರ್ಪಿನಂತೆ ಬರುತ್ತದೆ: ನೀನು ಇದಕ್ಕೆ ಲಾಯಕ್ಕಲ್ಲ. ಅದನ್ನು ಹಾಗೆಯೇ ಒಪ್ಪಿಕೊಂಡರೆ ಮಾಡಲು ಏನೂ ಉಳಿಯುವುದಿಲ್ಲ. 1998ರಲ್ಲಿ ಭಾರತದ ಏಕದಿನ ಕ್ರಿಕೆಟ್ ತಂಡದಿಂದ ಹೊರಬಿದ್ದ ರಾಹುಲ್ ದ್ರಾವಿಡ್ ಬಗ್ಗೆ ಕೇಳಿಬಂದದ್ದೂ ಅಂಥದ್ದೇ ಮಾತು: ಈತ ಟೆಸ್ಟ್‌ಗಷ್ಟೇ ಸರಿ. ಬಿಡಿಸಿ ನೋಡಿದರೆ ಅದರೊಳಗಿದ್ದ ಕೊರತೆ ಒಂದೇ, ರನ್ ಗಳಿಕೆಯ ವೇಗ. ತಂತ್ರ, ತಾಳ್ಮೆ ಎರಡಕ್ಕೂ ಏನೂ ಆಗಿರಲಿಲ್ಲ. ಕೊರತೆಗೆ ಇಷ್ಟು ಖಚಿತವಾದ ಹೆಸರು ಸಿಕ್ಕರೆ ಅಭ್ಯಾಸಕ್ಕೂ ಗುರಿ ಸಿಗುತ್ತದೆ. 1999ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಹೊಡೆದವರು ಅವರೇ: 461.

ಆದ್ದರಿಂದ ಕೆಲಸ ಕೈತಪ್ಪಿದಾಗ, ಪರೀಕ್ಷೆ ಕೆಟ್ಟಾಗ, ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಎರಡು: ಯಾವುದು ಕೆಟ್ಟಿತು, ಯಾವುದು ಕೆಡಲಿಲ್ಲ. ಎರಡನೆಯದನ್ನು ಬಹಳ ಜನ ಬರೆಯುವುದೇ ಇಲ್ಲ. ಆಮೇಲೆ ಇದ್ದ ಬಲವನ್ನೂ ತಿದ್ದಲು ಹೋಗಿ ಕಳೆದುಕೊಳ್ಳುತ್ತಾರೆ.

ಸೋಲಿನಂತೆ ತ್ಯಾಗವನ್ನೂ ಬಿಡಿಸಿ ನೋಡಬೇಕು; ಅದರ ಲೆಕ್ಕ ಇನ್ನೂ ಸೂಕ್ಷ್ಮ. 2001ರ ಮಾರ್ಚ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಟೆಸ್ಟ್‌ನಲ್ಲಿ ಭಾರತ ಫಾಲೋಆನ್‌ಗೆ ಸಿಕ್ಕಿತು, ಅಂದರೆ ರನ್ನಿನಲ್ಲಿ ಬಹಳ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾಯಿತು. ದ್ರಾವಿಡ್‌ರ ಮೂರನೇ ಕ್ರಮಾಂಕ ಸಹ ಆಟಗಾರ ಲಕ್ಷ್ಮಣ್‌ಗೆ ಹೋಯಿತು. ದ್ರಾವಿಡ್ ಆರನೆಯವರಾಗಿ ಇಳಿದರು. ನಾಲ್ಕನೇ ದಿನವಿಡೀ ಇಬ್ಬರೂ ಔಟಾಗಲಿಲ್ಲ. ಜೊತೆಯಾಟ 376, ಲಕ್ಷ್ಮಣ್ 281, ದ್ರಾವಿಡ್ 180. ಭಾರತ 171 ರನ್ನಿಂದ ಗೆದ್ದಿತು. ಬಿಟ್ಟುಕೊಟ್ಟದ್ದು ಜಾಗವನ್ನು ಮಾತ್ರ, ಬ್ಯಾಟಿಂಗನ್ನಲ್ಲ ಎಂಬುದನ್ನು ಗಮನಿಸಿ.

ಮುಂದೆ ಏಕದಿನ ಪಂದ್ಯಗಳಲ್ಲಿ ಅವರು ಕೀಪಿಂಗ್ ಗ್ಲೌಸ್ ತೊಟ್ಟರು. ಬ್ಯಾಟ್ಸ್‌ಮನ್ನೇ ಕೀಪರ್ ಆದರೆ ಹನ್ನೊಂದರಲ್ಲಿ ಒಂದು ಸ್ಥಾನ ಉಳಿದು, ಏಳು ಬ್ಯಾಟ್ಸ್‌ಮನ್‌ಗಳನ್ನು ಆಡಿಸಬಹುದು. ಇದರ ಬೆಲೆ ತೆರುವುದು ದೇಹ: ಐವತ್ತು ಓವರ್ ಕುಕ್ಕರುಗಾಲಲ್ಲಿ ಕೂತೆದ್ದು ಬಳಲಿದ ಮೇಲೂ ಬ್ಯಾಟ್ ಹಿಡಿಯಬೇಕು. ಆದರೆ ಒಮ್ಮೆ ಕೈಬಿಟ್ಟಿದ್ದ ತಂಡಕ್ಕೇ ಅವರು ಹೀಗೆ ಅನಿವಾರ್ಯರಾದರು. ಭಾರತ 2003ರ ವಿಶ್ವಕಪ್ ಫೈನಲ್ ತಲುಪಿದ್ದು ಈ ಏರ್ಪಾಟಿನಲ್ಲೇ.

ಎಲ್ಲ ತ್ಯಾಗವೂ ಹೀಗೆ ಫಲಿಸುವುದಿಲ್ಲ. ನಿಮ್ಮ ಮುಖ್ಯ ಕಸುಬನ್ನೇ ತಿಂದುಹಾಕುವಂಥದ್ದನ್ನು ಕೇಳಿದರೆ ಒಪ್ಪಬೇಡಿ. ಅದನ್ನು ಸ್ವಾರ್ಥವೆಂದು ಕರೆಯುವುದು ಅನ್ಯಾಯ. ಒಪ್ಪುವುದಾದರೆ ಎಲ್ಲಿಯವರೆಗೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ದ್ರಾವಿಡ್‌ರ ಕೀಪಿಂಗಿಗೂ ಕೊನೆಯಿತ್ತು: 2004ರ ಕೊನೆಗೆ ಧೋನಿ ತಂಡಕ್ಕೆ ಬಂದರು, ಕೀಪಿಂಗ್ ಹೊಣೆ ಅವರ ಪಾಲಾಯಿತು. 2005ರಲ್ಲಿ ದ್ರಾವಿಡ್ ಅದೇ ಏಕದಿನ ತಂಡದ ನಾಯಕರಾದರು.