ಹಾರುವ ಓತಿ ಯಾರ ಹೆಸರಿನಲ್ಲಿದೆ?

ಕುಮಟಾ ತಾಲ್ಲೂಕಿನ ಯಾಣಕ್ಕೆ ಬಂದವರ ಕಣ್ಣು ಮೊದಲು ಹೋಗುವುದು ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದತ್ತ, ಆಮೇಲೆ 90 ಮೀಟರಿನ ಮೋಹಿನಿ ಶಿಖರದತ್ತ. ಕಪ್ಪು ಬಂಡೆ ಕಂಡ ಕೂಡಲೇ ಭಸ್ಮಾಸುರನ ಕಥೆ ಶುರುವಾಗುತ್ತದೆ. ಆದರೆ ಈ ಸೀಮೆಯ ಕಾಡಿನಲ್ಲೋ ಅಡಿಕೆ ತೋಟದಲ್ಲೋ ಮರದಿಂದ ಮರಕ್ಕೆ ತೇಲಿಹೋಗುವ ಓತಿಯೊಂದು ಕಣ್ಣಿಗೆ ಬಿದ್ದರೆ, ಕನ್ನಡ ಓದುಗರಿಗೆ ನೆನಪಾಗುವುದು ಪುರಾಣವಲ್ಲ, ‘ಕರ್ವಾಲೊ’. ಪೂರ್ಣಚಂದ್ರ ತೇಜಸ್ವಿಯವರ 1980ರ ಆ ಕಾದಂಬರಿ ಒಬ್ಬ ವಿಜ್ಞಾನಿಯ ಮನೆತನದ ಹೆಸರನ್ನೂ ಒಂದು ಪ್ರಾಣಿಯನ್ನೂ ಬಿಡಿಸಲಾಗದಂತೆ ಹೆಣೆದುಬಿಟ್ಟಿದೆ. ಆ ಹೆಣಿಗೆಯಲ್ಲಿ ಒಂದಿಷ್ಟು ತಪ್ಪು ತಿಳಿವಳಿಕೆಯೂ ಸೇರಿಕೊಂಡಿದೆ.

ತಪ್ಪು ಕಲ್ಪನೆ 1: ಹಾರುವ ಓತಿಯನ್ನು ಮೊದಲು ಪತ್ತೆಮಾಡಿದ್ದು ಕರ್ವಾಲೊ ಎಂಬ ವಿಜ್ಞಾನಿ

ಸತ್ಯ: ಕರ್ವಾಲೊ ಕಾದಂಬರಿಯ ಪಾತ್ರ. ಹೆಸರು ಮಾತ್ರ ನಮ್ಮ ನಡುವಿನದೇ. ಪೋರ್ಚುಗೀಸ್ ಮೂಲದ ಈ ಅಡ್ಡಹೆಸರು ಕರಾವಳಿಯ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ ಇವತ್ತಿಗೂ ಇದೆ. ಹಾಗಾಗಿಯೇ ಪಾತ್ರ ನಿಜವಾದ ಮನುಷ್ಯನಂತೆ ಕಾಣುತ್ತದೆ, ‘ಆತ ಯಾವ ಊರಿನವನು’ ಎಂದು ಕೇಳಬೇಕೆನಿಸುತ್ತದೆ.

ವಿಜ್ಞಾನದ ಪುಸ್ತಕದಲ್ಲಿ ಈ ಓತಿ ದಾಖಲಾದದ್ದು ಕಾದಂಬರಿಗಿಂತ 143 ವರ್ಷ ಮೊದಲು, 1837ರಲ್ಲಿ. ಪ್ಯಾರಿಸ್ಸಿನ ದ್ಯುಮೆರಿಲ್ ಮತ್ತು ಬಿಬ್ರೋಂ ಎಂಬ ಇಬ್ಬರು ಸರೀಸೃಪ ತಜ್ಞರು ಅದನ್ನು ವಿವರಿಸಿ ‘ಡ್ರಾಕೊ ಡುಸುಮಿಯೆರಿ’ ಎಂದು ಕರೆದರು. ಡ್ರಾಕೊ ಎಂಬ ಕುಲನಾಮ ಇನ್ನೂ ಹಳೆಯದು, 1758ರಲ್ಲಿ ಲಿನೇಯಸ್ ಕೊಟ್ಟದ್ದು. ಎರಡನೆಯ ಪದದೊಳಗೆ ಒಬ್ಬ ಮನುಷ್ಯನಿದ್ದಾನೆ.

ತಪ್ಪು ಕಲ್ಪನೆ 2: ಡುಸುಮಿಯೆ ದೊಡ್ಡ ವಿಜ್ಞಾನಿ, ತಾನು ಕಂಡ ಪ್ರಾಣಿಗೆ ತನ್ನ ಹೆಸರನ್ನೇ ಇಟ್ಟುಕೊಂಡ

ಸತ್ಯ: ಎರಡೂ ಸರಿಯಲ್ಲ. ಜಾನ್ ಜಾಕ್ ಡುಸುಮಿಯೆ (1792–1883) ಫ್ರಾನ್ಸಿನ ಬೋರ್ಡೊ ಪಟ್ಟಣದ ವರ್ತಕ, ಹಡಗಿನ ಒಡೆಯ. 1816ರಿಂದ 1840ರವರೆಗೆ ಹಿಂದೂ ಮಹಾಸಾಗರ ಮತ್ತು ಚೀನಾ ಕಡೆಯ ಸಮುದ್ರಗಳಲ್ಲಿ ವ್ಯಾಪಾರಕ್ಕೆಂದು ಓಡಾಡಿದ. ಹೋದಲ್ಲೆಲ್ಲ ಮೀನು, ಹಕ್ಕಿ, ಹಲ್ಲಿ, ಓತಿ ಸಂಗ್ರಹಿಸಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಕ್ಕೆ ಕಳಿಸುತ್ತಿದ್ದ. ಮಲಬಾರ್ ತೀರದಿಂದ ಹೋದ ಮಾದರಿಗಳೇ ಅವುಗಳಲ್ಲಿ ಸಾಕಷ್ಟು. ಅವುಗಳನ್ನು ಅಳೆದು, ಹೋಲಿಸಿ, ವರ್ಣನೆ ಬರೆದವರು ಅಲ್ಲಿಯ ವಿದ್ವಾಂಸರು. ಮಾದರಿ ಕೊಟ್ಟವನ ಋಣ ತೀರಿಸಲು ಅವನ ಹೆಸರಿಟ್ಟರು.

ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯಲ್ಲಿ ಸ್ವಂತ ಹೆಸರಿಡಬಾರದೆಂಬ ನಿಷೇಧವೇನೂ ಇಲ್ಲ. ಆದರೂ ಹಾಗೆ ಮಾಡುವುದು ಸಭ್ಯತೆಯಲ್ಲ ಎಂಬ ಪದ್ಧತಿ ಗಟ್ಟಿಯಾಗಿ ನಿಂತಿದೆ. ಆದ್ದರಿಂದ ಪ್ರಾಣಿಯ ಹೆಸರಿನೊಳಗಿರುವ ವ್ಯಕ್ತಿ ಬೇರೆ, ಹೆಸರಿಟ್ಟ ವ್ಯಕ್ತಿ ಬೇರೆ. ಇಟ್ಟವರನ್ನು ತಿಳಿಯಬೇಕಾದರೆ ಹೆಸರಿನ ಮುಂದೆ ಬರೆಯುವ ‘ದ್ಯುಮೆರಿಲ್ ಮತ್ತು ಬಿಬ್ರೋಂ, 1837’ ಎಂಬ ಭಾಗವನ್ನು ಓದಬೇಕು. ಸಾಮಾನ್ಯ ಬರಹಗಳಲ್ಲಿ ಬಿಟ್ಟುಹೋಗುವುದು ಇದೇ ಭಾಗ.

ತಪ್ಪು ಕಲ್ಪನೆ 3: ಒಬ್ಬರ ಹೆಸರು ಒಂದೇ ಪ್ರಾಣಿಗೆ

ಸತ್ಯ: ಡುಸುಮಿಯೆಯ ಹೆಸರು ಕಾಡಿಗಿಂತ ಕಡಲಿನಲ್ಲೇ ಹೆಚ್ಚು. ತಾರ್ಲೆ ಮೀನಿನ ಬಳಗಕ್ಕೆ ಹತ್ತಿರದ ಒಂದು ಕುಲವೇ ‘ಡುಸುಮಿಯೆರಿಯ’; 1847ರಲ್ಲಿ ವಾಲೆನ್ಸಿಯೆನ್ ಕೊಟ್ಟ ಹೆಸರು. ಮುಂಬಯಿ ಪೇಟೆಯಲ್ಲಿ ಮಾಂದೆಲಿ ಎಂದು ಮಾರುವ ಹೊಳೆಯುವ ಚುಕ್ಕಿಗಳ ಸಣ್ಣ ಮೀನು ‘ಕೊಯಿಲಿಯಾ ಡುಸುಮಿಯೆರಿ’. ಸಿಹಿನೀರಿನ ಒಂದು ಮೀನು ‘ಲೇಬಿಯೊ ಡುಸುಮಿಯೆರಿ’. ಹೀಗೆ ಕುಲದ ಹೆಸರು ಬದಲಾದರೆ ಎರಡನೆಯ ಪದ ಮತ್ತೆ ಮತ್ತೆ ಬರಬಹುದು. ಒಂದೇ ಕುಲದೊಳಗೆ ಮಾತ್ರ ಎರಡು ಬಾರಿ ಬರುವಂತಿಲ್ಲ. ‘ಡುಸುಮಿಯೆರಿ’ ಎಂದಷ್ಟೇ ಹೇಳಿದರೆ ಓತಿಯೋ ಮೀನೋ ಗೊತ್ತಾಗುವುದಿಲ್ಲ.

ತಪ್ಪು ಕಲ್ಪನೆ 4: ಇದು ಹಕ್ಕಿಯಂತೆ ಹಾರುವ, ಎಲ್ಲೋ ಒಂದು ಉಳಿದಿರುವ ಆದಿಕಾಲದ ಜೀವಿ

ಸತ್ಯ: ಇದು ಹಾರುವುದಿಲ್ಲ, ತೇಲುತ್ತದೆ. ಪಕ್ಕೆಲುಬುಗಳಲ್ಲಿ ಕೆಲವು ಜೋಡಿ ಉದ್ದಕ್ಕೆ ಹೊರಚಾಚಿ, ಅವುಗಳ ಮೇಲೆ ತೆಳು ಚರ್ಮ ಹರಡಿಕೊಂಡಿರುತ್ತದೆ. ಕುಳಿತಾಗ ಅದು ಮಡಚಿ ಮೈಗೆ ಅಂಟಿರುತ್ತದೆ, ಜಿಗಿದಾಗ ಬಿಚ್ಚಿಕೊಳ್ಳುತ್ತದೆ. ರೆಕ್ಕೆ ಬಡಿಯುವ ಸ್ನಾಯು ಇಲ್ಲದ್ದರಿಂದ ಎತ್ತರದಿಂದ ತಗ್ಗಿಗೆ ಹೋಗಬಹುದೇ ಹೊರತು ನೆಲದಿಂದ ಮೇಲೇಳಲಾರದು. ಆಗುಂಬೆಯ ಇದೇ ಓತಿಗಳನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೊಸ ಸಂಗತಿ ತಿಳಿಸಿತು: ಗಾಳಿಗೆ ಇಳಿದ ಮೇಲೆ ಓತಿ ತನ್ನ ಮುಂಗಾಲುಗಳನ್ನು ಹಿಂದಕ್ಕೆ ತಂದು ಚರ್ಮದ ಮುಂಅಂಚನ್ನು ಹಿಡಿದುಕೊಳ್ಳುತ್ತದೆ. ಮರ ಮುಟ್ಟುವ ಹೊತ್ತಿಗೆ ಬಿಡುತ್ತದೆ. ತೇಲುವ ದಿಕ್ಕನ್ನು ನಿಯಂತ್ರಿಸಲು ಈ ಹಿಡಿತ ನೆರವಾಗುತ್ತದೆ.

ಕಾದಂಬರಿಯಲ್ಲಿ ಓತಿ ಜೀವವಿಕಾಸದ ದೊಡ್ಡ ಪ್ರಶ್ನೆಗಳನ್ನು ಎತ್ತುವ ನೆಪ. ನಿಜದಲ್ಲಿ ಅದು ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನ ಕುಟುಂಬದ್ದೇ. ಪಶ್ಚಿಮಘಟ್ಟದ ಕಾಡಿನಲ್ಲಿ ಮಾತ್ರವಲ್ಲ, ಅಡಿಕೆ ತೆಂಗಿನ ತೋಟಗಳಲ್ಲೂ ಇರುತ್ತದೆ. ಮುಖ್ಯ ಆಹಾರ ಇರುವೆ. ಗಂಡಿನ ಗಂಟಲಲ್ಲಿ ಹಳದಿ ಚೀಲದಂಥ ಚರ್ಮವಿದ್ದು ಅದನ್ನು ಚಾಚಿ ತೋರಿಸುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಬಹುಮಟ್ಟಿಗೆ ಮೊಟ್ಟೆಯಿಡಲು. ಅಪರೂಪ ಎನಿಸುವುದು ಸಂಖ್ಯೆ ಕಡಿಮೆಯಿರುವುದರಿಂದಲ್ಲ, ಮೈಬಣ್ಣ ತೊಗಟೆಯಲ್ಲಿ ಕರಗಿಹೋಗುವುದರಿಂದ.

ತಪ್ಪು ಕಲ್ಪನೆ 5: ನಮ್ಮ ಕಾಡಿನ ಜೀವಿಗಳಿಗೆ ಇರುವುದೆಲ್ಲ ಪರಂಗಿಯವರ ಹೆಸರು

ಸತ್ಯ: ಮಳೆಗಾಲದ ರಾತ್ರಿ ಘಟ್ಟದ ಪೊದೆಗಳಿಂದ ಟಿಕ್‌ಟಿಕ್ ಎನ್ನುವ ಪುಟ್ಟ ಕಪ್ಪೆಗಳ ದೊಡ್ಡ ಗುಂಪೊಂದಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಹೆಸರು. 2010ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಈ ಕುಲವನ್ನು ಸ್ಥಾಪಿಸಿದಾಗ ಗೌರವಿಸಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ (1882–1960) ಅವರನ್ನು. 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರೂ ಅವರೇ. ಈ ಕುಲದಲ್ಲಿ ಈಗ ಎಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಪಶ್ಚಿಮಘಟ್ಟದವು. ಇವುಗಳ ಮೊಟ್ಟೆಯಿಂದ ಗೊದಮೊಟ್ಟೆ ಈಜಿ ಬರುವುದಿಲ್ಲ, ನೇರವಾಗಿ ಮರಿಕಪ್ಪೆಯೇ ಹೊರಬರುತ್ತದೆ.

ಇವುಗಳಲ್ಲಿ ಒಂದು ‘ರಾವೋರ್ಕೆಸ್ಟಿಸ್ ಚಾರಿಯಸ್ (ರಾವ್, 1937)’. ರಾವ್ ಅವರೇ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಮಾದರಿಯಿಂದ ವಿವರಿಸಿದ ಕಪ್ಪೆ. ಅವರು ಸೇರಿಸಿದ್ದು ಬೇರೆ ಕುಲಕ್ಕೆ; ಆವರಣ ಚಿಹ್ನೆ ಆ ಬದಲಾವಣೆಯ ಗುರುತು. ಒಂದೇ ಸಾಲಿನಲ್ಲಿ ರಾವ್ ಎರಡು ಸಲ ಬಂದಿದ್ದರೂ ಸ್ವಂತ ಹೆಸರನ್ನು ಅವರೇನೂ ಇಟ್ಟುಕೊಳ್ಳಲಿಲ್ಲ. ಅವರು ತೀರಿಕೊಂಡು ಐವತ್ತು ವರ್ಷವಾದ ಮೇಲೆ ಬೇರೆಯವರು ಇಟ್ಟದ್ದು. ಕರ್ವಾಲೊ ಓಡಾಡಿದ್ದೂ ಅದೇ ಮೂಡಿಗೆರೆಯ ಸುತ್ತ. ಕಾದಂಬರಿಯ ವಿಜ್ಞಾನಿಯನ್ನು ಬಲ್ಲ ನಮ್ಮಲ್ಲಿ ಎಷ್ಟೋ ಜನ ಅದೇ ಸೀಮೆಯ ಕಪ್ಪೆಗಳನ್ನು ಅಭ್ಯಾಸ ಮಾಡಿದ ನಿಜವಾದ ವಿಜ್ಞಾನಿಯ ಹೆಸರು ಕೇಳಿಲ್ಲ.

ಹಾಗಾದರೆ ಹೆಸರು ಹೇಳುವುದೇನು?

ಶಾಸ್ತ್ರೀಯ ನಾಮ ಹೇಳುವುದು ಯಾರು, ಯಾವ ವರ್ಷ ಬರೆದಿಟ್ಟರು ಎಂಬುದನ್ನು; ಮೊದಲು ಕಂಡವರು, ಚೆನ್ನಾಗಿ ಬಲ್ಲವರು ಯಾರು ಎಂಬುದು ಅದರಲ್ಲಿಲ್ಲ. ಡುಸುಮಿಯೆಗೆ ಓತಿ ಹಿಡಿದುಕೊಟ್ಟವರ ಹೆಸರು ಆ ಎರಡು ಪದಗಳಲ್ಲಿ ಹಿಡಿಸಲಿಲ್ಲ. ತೇಜಸ್ವಿ ಮಾತ್ರ ಈ ಲೆಕ್ಕವನ್ನು ಬೇರೆ ರೀತಿ ಬರೆದರು. ಅವರ ವಿಜ್ಞಾನಿ ಓತಿಯನ್ನು ಹುಡುಕಿ ಹೊರಡುವುದು ಊರಿನವರು ದಡ್ಡನೆಂದು ತಳ್ಳಿಹಾಕಿದ್ದ, ಜೇನು ಕೀಳುವ ಮಂದಣ್ಣನ ಕಣ್ಣನ್ನು ನಂಬಿ. ಓತಿ, ಪಾತ್ರ, ಪಯಣ ಎಲ್ಲದರಲ್ಲೂ ಕಲ್ಪನೆಯಿದ್ದ ಆ ಪುಸ್ತಕದಲ್ಲಿ, ವಿಜ್ಞಾನ ನಡೆಯುವ ಬಗೆಯ ಬಗ್ಗೆ ಹೇಳಿದ ಈ ಒಂದು ಮಾತನ್ನು ತಪ್ಪು ಕಲ್ಪನೆಗಳ ಪಟ್ಟಿಗೆ ಸೇರಿಸಬೇಕಾಗಿಲ್ಲ.