ಬಲಾಬಲವೂ ಚೀಟಿಯೂ: ವಿಶ್ವಕಪ್ ಕಾಲ್ಚೆಂಡಾಟದಲ್ಲಿ ತಂಡಗಳ ವಿಂಗಡಣೆ

ದೇಶದೇಶಗಳ ನಡುವೆ ನಡೆಯುವ ಕಾಲ್ಚೆಂಡಾಟದ ಪಂದ್ಯಗಳನ್ನು ಈಗ ಮನೆಯಲ್ಲಿಯೇ ಕುಳಿತು ನೋಡುವುದು ಸಾಧ್ಯವಾಗಿರುವುದರಿಂದ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಆ ವಿಷಯವಾಗಿ ಅನೇಕ ಪ್ರಶ್ನೆಗಳನ್ನು ಕೇಳುವುದುಂಟು. ಅವುಗಳಲ್ಲಿ ಮುಖ್ಯವಾದುದು ಇದು: ಪಂದ್ಯಗಳು ಆರಂಭವಾಗುವುದಕ್ಕೆ ಮುಂಚೆಯೇ ಕೆಲವು ದೇಶಗಳ ತಂಡಗಳನ್ನು ಮೊದಲನೆಯ ಸಾಲಿನಲ್ಲಿಯೂ ಕೆಲವನ್ನು ಕಡೆಯ ಸಾಲಿನಲ್ಲಿಯೂ ಇರಿಸುವರಲ್ಲಾ, ಇದು ನ್ಯಾಯವೇ? ಚೀಟಿ ಎತ್ತುವುದೇ ಆದರೆ ಎಲ್ಲರ ಹೆಸರುಗಳನ್ನೂ ಒಂದೇ ಪಾತ್ರೆಯಲ್ಲಿ ಹಾಕಬಾರದೆ? ಈ ಪ್ರಶ್ನೆಗೆ ಒಂದೆರಡು ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಿಲ್ಲವಾದ ಕಾರಣ, ಈ ಸಂಚಿಕೆಯಲ್ಲಿ ಆ ಏರ್ಪಾಡನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸಲು ಪ್ರಯತ್ನಿಸಿದ್ದೇನೆ.

ಈ ಏರ್ಪಾಡಿಗೆ ಇಂಗ್ಲಿಷಿನಲ್ಲಿ ಸೀಡಿಂಗ್ ಎಂದು ಹೆಸರು. ಆ ಮಾತಿಗೆ ಬಿತ್ತನೆ ಎಂದರ್ಥ. ರೈತನು ರಾಗಿಯನ್ನು ಬಿತ್ತುವಾಗ ಬೀಜವನ್ನೆಲ್ಲಾ ಒಂದೇ ಕಡೆ ಸುರಿಯುವುದಿಲ್ಲ. ಕೂರಿಗೆಯ ಸಹಾಯದಿಂದ ಸಾಲುಸಾಲಾಗಿ, ಒಂದಕ್ಕೊಂದು ಅಡ್ಡಿಯಾಗದಂತೆ ಬೀಳಿಸುತ್ತಾನೆ. ಹಾಗೆಯೇ ಬಲಿಷ್ಠವಾದ ತಂಡಗಳು ಒಂದೇ ಕಡೆ ಗುಂಪುಗೂಡದಂತೆ ಅವುಗಳನ್ನು ಬೇರೆಬೇರೆ ಗುಂಪುಗಳಲ್ಲಿ ಹರಡುವುದೇ ಈ ಕ್ರಮದ ಉದ್ದೇಶ.

ಹೀಗೆ ಹರಡದಿದ್ದರೆ ಏನಾಗುವುದೆಂಬುದನ್ನು ಗಣಿತದ ಮೂಲಕ ತಿಳಿಯಬಹುದು. 32 ತಂಡಗಳನ್ನು ನಾಲ್ಕು ನಾಲ್ಕರಂತೆ 8 ಗುಂಪುಗಳಾಗಿ ಮಾಡಬೇಕೆಂದೂ, ಅವುಗಳಲ್ಲಿ 8 ತಂಡಗಳು ಅತ್ಯಂತ ಬಲವುಳ್ಳವೆಂದೂ ಭಾವಿಸೋಣ. ಎಲ್ಲಾ ಹೆಸರುಗಳನ್ನು ಒಂದೇ ಪಾತ್ರೆಯಲ್ಲಿ ಹಾಕಿ ಕಣ್ಣು ಮುಚ್ಚಿ ಎತ್ತಿದರೆ, ಆ ಎಂಟು ತಂಡಗಳು ಎಂಟು ಬೇರೆ ಗುಂಪುಗಳಿಗೆ ಹೋಗುವ ಸಂಭವವು ಸುಮಾರು 160ರಲ್ಲಿ ಒಂದು ಮಾತ್ರ. ಮಿಕ್ಕ ಎಲ್ಲಾ ಸಂದರ್ಭಗಳಲ್ಲಿಯೂ ಎಲ್ಲಿಯಾದರೂ ಇಬ್ಬರು ಮೂವರು ಬಲಿಷ್ಠರು ಒಂದೇ ಗುಂಪಿನಲ್ಲಿ ಸಿಕ್ಕಿಕೊಳ್ಳುವರು. ಮತ್ತೊಂದು ಗುಂಪಿನಲ್ಲಿ ಅಂಥವರು ಒಬ್ಬರೂ ಇಲ್ಲದೆ ಹೋಗಬಹುದು. ಆಗ ಒಂದು ಒಳ್ಳೆಯ ತಂಡವು ಆಟದಲ್ಲಿ ಕುಂದಿದ್ದರಿಂದಲ್ಲ, ಚೀಟಿಯ ದೋಷದಿಂದಲೇ ಬೇಗನೆ ಹಿಂದಿರುಗಬೇಕಾಗುವುದು. ಒಂದೇ ಪಾತ್ರೆಯ ಚೀಟಿಯು ನೋಟಕ್ಕೆ ಸಮಾನವಾಗಿ ಕಂಡರೂ ಫಲದಲ್ಲಿ ಸಮಾನವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

1930ನೆಯ ಇಸವಿಯಲ್ಲಿ ಯುರುಗ್ವೆ ದೇಶದಲ್ಲಿ ನಡೆದ ಮೊದಲನೆಯ ವಿಶ್ವಕಪ್ಪಿನಲ್ಲಿಯೇ ಈ ಪದ್ಧತಿಯು ಬಳಕೆಗೆ ಬಂದಿತು. ಆಗ ಬಂದಿದ್ದುದು 13 ತಂಡಗಳು, ಗುಂಪುಗಳು ನಾಲ್ಕು. ಯುರುಗ್ವೆ, ಅರ್ಜೆಂಟೀನ, ಬ್ರೆಜಿಲ್, ಅಮೆರಿಕ ಸಂಯುಕ್ತ ಸಂಸ್ಥಾನ ಎಂಬ ನಾಲ್ಕು ತಂಡಗಳನ್ನು ಒಂದೊಂದು ಗುಂಪಿಗೆ ಮುಖ್ಯವಾಗಿ ಇರಿಸಿದರು. ಅವುಗಳಲ್ಲಿ ಮೂರು ತಂಡಗಳು ತಮ್ಮ ಗುಂಪಿನಲ್ಲಿ ಗೆದ್ದವು. ಬ್ರೆಜಿಲ್ ಮಾತ್ರ ಯುಗೊಸ್ಲಾವಿಯಕ್ಕೆ ಸೋತು ಹೊರಬಿದ್ದಿತು. ಮುಂದಾಳುತನವು ಜಯಕ್ಕೆ ಹೊಣೆಯಲ್ಲವೆಂಬ ಪಾಠವು ಮೊದಲ ಸಲವೇ ದೊರೆಯಿತೆನ್ನಬಹುದು.

ಈ ಕ್ರಮವು ಎಷ್ಟರಮಟ್ಟಿಗೆ ತಪ್ಪು ದಾರಿ ಹಿಡಿಯಬಹುದೆಂಬುದಕ್ಕೆ 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಪಂದ್ಯಾವಳಿಯು ಒಳ್ಳೆಯ ನಿದರ್ಶನ. ಆ ವರ್ಷ 16 ತಂಡಗಳನ್ನು ನಾಲ್ಕು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನಲ್ಲಿಯೂ ಎರಡೆರಡು ತಂಡಗಳಿಗೆ ಮೇಲ್ದರ್ಜೆಯನ್ನು ಕೊಟ್ಟರು. ಮೇಲ್ದರ್ಜೆಯ ಎರಡು ತಂಡಗಳು ತಮ್ಮತಮ್ಮೊಳಗೆ ಆಡತಕ್ಕದ್ದಲ್ಲ; ಕೆಳದರ್ಜೆಯ ಎರಡನ್ನು ಮಾತ್ರ ಎದುರಿಸತಕ್ಕದ್ದೆಂದು ನಿಯಮ. ಮೇಲಾಗಿ, ಯಾವ ದೇಶಗಳು ಅರ್ಹತೆ ಪಡೆಯುವುವೆಂಬುದು ಪೂರ್ತಿಯಾಗಿ ತಿಳಿಯುವುದಕ್ಕೆ ಮುಂಚೆಯೇ ಮೇಲ್ದರ್ಜೆಯವರ ಪಟ್ಟಿಯನ್ನು ಸಿದ್ಧಪಡಿಸಿಬಿಟ್ಟಿದ್ದರು. ಆ ಪಟ್ಟಿಯಲ್ಲಿ ಸ್ಪೇನ್ ದೇಶವಿತ್ತು. ಆದರೆ ಸ್ಪೇನಿಗೂ ಟರ್ಕಿಗೂ ನಡೆದ ಅರ್ಹತಾ ಪಂದ್ಯಗಳಲ್ಲಿ ಒಂದನ್ನು ಸ್ಪೇನ್ ಗೆದ್ದಿತು, ಒಂದನ್ನು ಟರ್ಕಿ ಗೆದ್ದಿತು. ರೋಮ್ ನಗರದಲ್ಲಿ ನಡೆದ ಮೂರನೆಯ ಪಂದ್ಯವು 2–2ರಂತೆ ಸಮವಾಯಿತು. ಕಡೆಗೆ ಕಣ್ಣು ಕಟ್ಟಿದ ಒಬ್ಬ ಬಾಲಕನ ಕೈಯಿಂದ ಚೀಟಿ ಎತ್ತಿಸಲಾಗಿ, ಟರ್ಕಿಯ ಹೆಸರು ಬಂದಿತು. ಸ್ಪೇನ್ ಮನೆಯಲ್ಲಿ ಉಳಿಯಿತು. ಅದಕ್ಕೆಂದು ಇಟ್ಟಿದ್ದ ಮೇಲ್ದರ್ಜೆಯು ಹಾಗೆಯೇ ಟರ್ಕಿಯ ಪಾಲಾಯಿತು!

ಅದೇ ಗುಂಪಿನಲ್ಲಿ ಪಶ್ಚಿಮ ಜರ್ಮನಿಯು ಕೆಳದರ್ಜೆಯಲ್ಲಿತ್ತು. ಅದು ಟರ್ಕಿಯನ್ನು 4–1ರಿಂದ ಗೆದ್ದು, ಹಂಗೆರಿಗೆ 3–8ರಂತೆ ಸೋತು, ಮರುಪಂದ್ಯದಲ್ಲಿ ಟರ್ಕಿಯನ್ನು ಮತ್ತೆ 7–2ರಿಂದ ಸೋಲಿಸಿ ಮುಂದೆ ಸಾಗಿತು. ಜುಲೈ 4ರಂದು ಬರ್ನ್ ನಗರದಲ್ಲಿ ಅದೇ ಹಂಗೆರಿಯನ್ನು 3–2ರಿಂದ ಜಯಿಸಿ ಕಪ್ಪನ್ನು ಪಡೆಯಿತು. ತೂಕ ಮಾಡಿದವರ ತಕ್ಕಡಿಯೇ ಸರಿಯಾಗಿರದಿದ್ದರೂ ಆಟಗಾರರು ಆಡುವುದಕ್ಕೆ ಸ್ಥಳವನ್ನಾದರೂ ಉಳಿಸಿದ್ದರಿಂದ ಇದು ಸಾಧ್ಯವಾಯಿತು.

ಹಾಗಾದರೆ ತಕ್ಕಡಿಯನ್ನು ಸರಿಪಡಿಸುವುದು ಹೇಗೆ? ಬಹುಕಾಲ ಹಿಂದಿನ ವಿಶ್ವಕಪ್ಪುಗಳ ಫಲಿತಾಂಶಗಳನ್ನೂ ಸಮಿತಿಯವರ ಅಭಿಪ್ರಾಯವನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತಿದ್ದರು. 1992ರ ಡಿಸೆಂಬರಿನಲ್ಲಿ, ಈ ಆಟದ ಜಾಗತಿಕ ಆಡಳಿತ ಸಂಸ್ಥೆಯಾದ ಫಿಫಾ, ಪುರುಷರ ತಂಡಗಳ ಶ್ರೇಣಿಪಟ್ಟಿಯನ್ನು ಮೊದಲ ಬಾರಿಗೆ ಪ್ರಕಟಿಸಿತು. ಮಹಿಳೆಯರ ಪಟ್ಟಿಯು 2003ರಲ್ಲಿ ಬಂದಿತು.

ಪುರುಷರ ಪಟ್ಟಿಯ ಹಳೆಯ ಲೆಕ್ಕದಲ್ಲಿ ಸರಾಸರಿಯ ಪದ್ಧತಿಯಿದ್ದುದರಿಂದ ಒಂದು ಕುಂದು ಉಂಟಾಯಿತು. ಸ್ನೇಹಪಂದ್ಯಗಳಿಗೆ ಅಂಕಗಳು ಕಡಿಮೆಯಾದುದರಿಂದ, ಅವುಗಳನ್ನು ಆಡಿ ಗೆದ್ದರೂ ಕೆಲವು ವೇಳೆ ಸರಾಸರಿಯು ಇಳಿಯುತ್ತಿತ್ತು. 2018ರ ವಿಶ್ವಕಪ್ಪಿಗೆ ಮುಂಚೆ ಪೋಲೆಂಡ್ ತಂಡವು ಸುಮಾರು ಒಂದು ವರ್ಷ ಸ್ನೇಹಪಂದ್ಯಗಳನ್ನು ಆಡದೆಯೇ ಇದ್ದು ಮೊದಲನೆಯ ಪಾತ್ರೆಯಲ್ಲಿ ಸ್ಥಾನವನ್ನು ಪಡೆಯಿತು. ಸ್ಪೇನ್, ಇಂಗ್ಲೆಂಡ್ ಮುಂತಾದವು ಎರಡನೆಯದರಲ್ಲಿ ಉಳಿದವು. ಆದರೆ ಪಂದ್ಯಾವಳಿಯಲ್ಲಿ ಪೋಲೆಂಡ್ ಸೆನೆಗಲಿಗೂ ಕೊಲಂಬಿಯಕ್ಕೂ ಸೋತು ತನ್ನ ಗುಂಪಿನಲ್ಲಿ ಕಡೆಯದಾಯಿತು. ಪರೀಕ್ಷೆಗೆ ಕೂಡದೆ ಸರಾಸರಿಯನ್ನು ಕಾಪಾಡಿಕೊಂಡ ವಿದ್ಯಾರ್ಥಿಯ ಗತಿಯೇ ಇದಲ್ಲವೆ?

2018ರ ಆ ಪಂದ್ಯಾವಳಿಯ ತರುವಾಯ ಪುರುಷರ ಪಟ್ಟಿಯ ಲೆಕ್ಕವನ್ನು ಬದಲಾಯಿಸಿದರು. ಅದರ ತತ್ತ್ವವು ಹೀಗಿದೆ: ಪ್ರತಿ ಪಂದ್ಯಕ್ಕೂ ಮೊದಲು ಇಬ್ಬರ ಅಂಕಗಳ ಅಂತರವನ್ನು ನೋಡಿ ಯಾರಿಂದ ಎಷ್ಟು ನಿರೀಕ್ಷಿಸಬಹುದೆಂದು ಗೊತ್ತುಮಾಡುತ್ತಾರೆ. ಪಂದ್ಯ ಮುಗಿದ ಮೇಲೆ, ನಿರೀಕ್ಷೆಗಿಂತ ಹೆಚ್ಚು ಸಾಧಿಸಿದವರಿಗೆ ಅಂಕಗಳನ್ನು ಕೂಡಿಸಿ, ಕಡಿಮೆ ಸಾಧಿಸಿದವರಿಂದ ಸಾಮಾನ್ಯವಾಗಿ ಅಷ್ಟನ್ನೇ ಕಳೆಯುತ್ತಾರೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 1700 ಅಂಕಗಳುಳ್ಳ ತಂಡವೂ 1400 ಅಂಕಗಳುಳ್ಳ ತಂಡವೂ ವಿಶ್ವಕಪ್ಪಿನ ಅರ್ಹತಾ ಪಂದ್ಯದಲ್ಲಿ ಎದುರಾದರೆ, ಬಲಿಷ್ಠರು ಗೆದ್ದಾಗ ಅವರಿಗೆ ದೊರೆಯುವುದು ಸುಮಾರು 6 ಅಂಕಗಳು ಮಾತ್ರ. ದುರ್ಬಲರು ಗೆದ್ದರೆ ಅವರಿಗೆ ಸುಮಾರು 19 ಅಂಕಗಳು ದೊರೆಯುತ್ತವೆ. ಆಟವು ಸಮವಾದರೂ ಬಲಿಷ್ಠರಿಂದ ಸುಮಾರು 6 ಅಂಕಗಳು ದುರ್ಬಲರ ಕಡೆಗೆ ಹೋಗುತ್ತವೆ. ಸ್ನೇಹಪಂದ್ಯಕ್ಕೆ ಇದರ ತೂಕ ಕಡಿಮೆ. ವಿಶ್ವಕಪ್ಪಿನ ಪಂದ್ಯಕ್ಕೆ ಹೆಚ್ಚು. ಮಹಿಳೆಯರ ಪಟ್ಟಿಯಾದರೋ ಮೊದಲಿನಿಂದಲೂ ಇದೇ ತತ್ತ್ವವನ್ನು ಅನುಸರಿಸಿದೆ. ಹೊಡೆದ ಗೋಲುಗಳ ಸಂಖ್ಯೆಯನ್ನೂ ಸ್ವಂತ ಮೈದಾನದ ಅನುಕೂಲವನ್ನೂ ಅದರಲ್ಲಿ ಗಣಿಸಲಾಗಿದೆ.

ಈಗ ಈ ಪಟ್ಟಿಯು ಕಾರ್ಯಕ್ಕೆ ಬರುವ ಬಗೆಯನ್ನು, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ 2023ರಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪಿನಿಂದ ತಿಳಿದುಕೊಳ್ಳೋಣ. 2022ರ ಅಕ್ಟೋಬರ್ 22ರಂದು ಆಕ್ಲೆಂಡ್ ನಗರದಲ್ಲಿ ಚೀಟಿ ಎತ್ತಿದರು. ನಾಲ್ಕು ಪಾತ್ರೆಗಳು, ಒಂದೊಂದರಲ್ಲಿ ಎಂಟು ಹೆಸರುಗಳು. ಮೊದಲನೆಯದರಲ್ಲಿ ಆತಿಥೇಯ ದೇಶಗಳೆರಡೂ, ಶ್ರೇಣಿಯಲ್ಲಿ ಮೇಲಿದ್ದ ಅಮೆರಿಕ, ಸ್ವೀಡನ್, ಜರ್ಮನಿ, ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್ ಎಂಬ ಆರೂ ಇದ್ದವು. ಮಿಕ್ಕವುಗಳನ್ನು ಶ್ರೇಣಿಯ ಪ್ರಕಾರ ಎರಡನೆಯ, ಮೂರನೆಯ, ನಾಲ್ಕನೆಯ ಪಾತ್ರೆಗಳಲ್ಲಿ ಇಟ್ಟರು. ಪ್ರತಿ ಗುಂಪಿಗೂ ಒಂದೊಂದು ಪಾತ್ರೆಯಿಂದ ಒಂದೊಂದು ಹೆಸರು. ಒಂದೇ ಭೂಖಂಡದ ಎರಡು ತಂಡಗಳು ಒಂದೇ ಗುಂಪಿನಲ್ಲಿ ಬರಕೂಡದೆಂದು ಮತ್ತೊಂದು ನಿಯಮವಿತ್ತು. ಯೂರೋಪಿನಿಂದ ಎಂಟಕ್ಕಿಂತ ಹೆಚ್ಚು ತಂಡಗಳು ಬಂದಿದ್ದುದರಿಂದ ಅದಕ್ಕೆ ಮಾತ್ರ ಒಂದು ಗುಂಪಿಗೆ ಎರಡರವರೆಗೆ ಅವಕಾಶ ಕೊಟ್ಟರು.

ಈ ಏರ್ಪಾಡಿನಲ್ಲಿಯೂ ಎರಡು ಸಡಿಲವಾದ ಗಂಟುಗಳಿವೆ. ಆತಿಥೇಯರು ಬಲದಿಂದಲ್ಲ, ಮರ್ಯಾದೆಯ ದೃಷ್ಟಿಯಿಂದ ಮೊದಲನೆಯ ಪಾತ್ರೆಗೆ ಸೇರುತ್ತಾರೆ; ನ್ಯೂಜಿಲೆಂಡ್ ಆಗ ಶ್ರೇಣಿಯ ಮೊದಲ 20ರ ಹೊರಗಿತ್ತು. ಎರಡನೆಯದಾಗಿ, ಇನ್ನೂ ಅರ್ಹತೆ ನಿಶ್ಚಯವಾಗದಿದ್ದ ಮೂರು ಸ್ಥಾನಗಳನ್ನು ನಾಲ್ಕನೆಯ ಪಾತ್ರೆಗೆ ಹಾಕಿದ್ದರು. ಅವುಗಳಲ್ಲಿ ಒಂದನ್ನು ಮುಂದೆ ಪೋರ್ಚುಗಲ್ ಪಡೆಯಿತು. ಅದು ಮೂರನೆಯ ಪಾತ್ರೆಯ ಹಲವು ತಂಡಗಳಿಗಿಂತ ಬಲವಾದುದು. ಅದೇ ಗುಂಪಿನಲ್ಲಿದ್ದ ಅಮೆರಿಕವು ಪೋರ್ಚುಗಲನ್ನು ಸೋಲಿಸಲಾರದೆ ಗೋಲಿಲ್ಲದ ಸಮದಲ್ಲಿ ತೃಪ್ತಿಪಡಬೇಕಾಯಿತು. ಆದುದರಿಂದ ಪಾತ್ರೆಯ ಸಂಖ್ಯೆಯನ್ನೇ ಬಲದ ಅಳತೆಯೆಂದು ತಿಳಿಯುವುದು ಸರಿಯಲ್ಲ.

ಫಲಿತಾಂಶವೇನಾಯಿತು? ಉಪಾಂತ್ಯಕ್ಕೆ ಬಂದ ಸ್ಪೇನ್, ಸ್ವೀಡನ್, ಆಸ್ಟ್ರೇಲಿಯ, ಇಂಗ್ಲೆಂಡ್ ನಾಲ್ಕೂ ಮೊದಲನೆಯ ಪಾತ್ರೆಯವೇ. ಆಗಸ್ಟ್ 20ರಂದು ಸಿಡ್ನಿಯಲ್ಲಿ ಸ್ಪೇನ್ ಇಂಗ್ಲೆಂಡನ್ನು 1–0ಯಿಂದ ಗೆದ್ದಿತು. ಇಷ್ಟನ್ನೇ ನೋಡಿದವರು, ಎಲ್ಲವೂ ಮೊದಲೇ ನಿರ್ಣಯವಾಗಿತ್ತೆಂದು ಹೇಳಬಹುದು. ಆದರೆ ಗೆದ್ದ ಸ್ಪೇನ್ ತಂಡವೇ ಗುಂಪಿನ ಪಂದ್ಯದಲ್ಲಿ ಎರಡನೆಯ ಪಾತ್ರೆಯ ಜಪಾನಿಗೆ 0–4ರಂತೆ ಸೋತಿತ್ತು. ಮೊದಲನೆಯ ಪಾತ್ರೆಯ ಜರ್ಮನಿಯ ಕಥೆಯಂತೂ ಇನ್ನೂ ವಿಸ್ಮಯಕರವಾದುದು. ಅದರ ಗುಂಪಿನಲ್ಲಿ ನಾಲ್ಕನೆಯ ಪಾತ್ರೆಯಿಂದ ಬಂದ ಮೊರಾಕೊ ಇತ್ತು. ಮಹಿಳೆಯರ ವಿಶ್ವಕಪ್ಪಿಗೆ ಬಂದ ಮೊದಲನೆಯ ಅರಬ್ ದೇಶ ಅದು. ಶ್ರೇಣಿಯಲ್ಲಿ 70ಕ್ಕಿಂತ ಕೆಳಗಿತ್ತು. ಮೊದಲನೆಯ ಪಂದ್ಯದಲ್ಲಿಯೇ ಜರ್ಮನಿಯು ಅದನ್ನು 6–0ಯಿಂದ ಸೋಲಿಸಿತು. ಅಷ್ಟಕ್ಕೇ ಎದೆಗುಂದದೆ ಆ ಹೆಣ್ಣುಮಕ್ಕಳು ದಕ್ಷಿಣ ಕೊರಿಯವನ್ನು 1–0ಯಿಂದಲೂ, ಜರ್ಮನಿಯನ್ನೇ ಸೋಲಿಸಿದ್ದ ಕೊಲಂಬಿಯವನ್ನು 1–0ಯಿಂದಲೂ ಗೆದ್ದರು. ಜರ್ಮನಿಯು ಕಡೆಯ ಪಂದ್ಯದಲ್ಲಿ ಕೊರಿಯದೊಡನೆ 1–1ರಂತೆ ಸಮಮಾಡಿಕೊಂಡು ಮನೆಗೆ ಹೊರಟಿತು. ಮೊರಾಕೊ ಮುಂದಿನ ಸುತ್ತಿಗೆ ಹೋಯಿತು. ಅದೇ ನಾಲ್ಕನೆಯ ಪಾತ್ರೆಯ ನೈಜೀರಿಯ ಮತ್ತು ದಕ್ಷಿಣ ಆಫ್ರಿಕ ತಂಡಗಳೂ ಹಾಗೆಯೇ ಮುಂದೆ ಸಾಗಿದವು.

ನಮ್ಮ ದೇಶದ ಮಹಿಳಾ ತಂಡವೂ ಈ ಕ್ರಮಕ್ಕೆ ಒಳಪಟ್ಟುದೇ. 2025ರ ಜುಲೈ ತಿಂಗಳಲ್ಲಿ ಥೈಲೆಂಡನ್ನು ಅದರ ಸ್ವಂತ ನೆಲದಲ್ಲಿಯೇ 2–1ರಿಂದ ಗೆದ್ದು, ಭಾರತವು 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಅದೇ ತಿಂಗಳು ಸಿಡ್ನಿಯಲ್ಲಿ ಚೀಟಿ ಎತ್ತಿದಾಗ ಜಪಾನ್, ವಿಯೆಟ್ನಾಂ, ಚೀನೀ ತೈಪೆ ತಂಡಗಳಿದ್ದ ಗುಂಪಿಗೆ ಸೇರಿತು. ಶ್ರೇಣಿಯಲ್ಲಿ ಕೆಳಗಿರುವವರಿಗೆ ಗುಂಪಿನಲ್ಲಿ ಒಬ್ಬ ಪ್ರಬಲ ಎದುರಾಳಿಯು ಸಿಕ್ಕಿಯೇ ಸಿಗುವರು. ಆದರೆ ಅಂಥವರು ಮೂವರು ಒಟ್ಟಿಗೆ ಸಿಗದಂತೆ ಕಾಪಾಡುವುದೂ ಇದೇ ಕ್ರಮವೇ ಎಂಬುದನ್ನು ಮರೆಯಬಾರದು. ಸೀಡಿಂಗ್ ಬಲಿಷ್ಠರಿಗೆ ಮಾತ್ರ ಉಪಕಾರಿಯೆಂಬ ಭಾವನೆಯು ಅರ್ಧಸತ್ಯವಷ್ಟೆ.

ಪುರುಷರ 2026ರ ವಿಶ್ವಕಪ್ಪಿಗೆ ತಂಡಗಳ ಸಂಖ್ಯೆಯು 48ಕ್ಕೆ ಏರಿ, ಗುಂಪುಗಳು 12 ಆದವು. 2025ರ ಡಿಸೆಂಬರ್ 5ರಂದು ವಾಷಿಂಗ್ಟನ್ನಿನಲ್ಲಿ ಚೀಟಿ ಎತ್ತುವಾಗ ಇನ್ನೊಂದು ಹೆಜ್ಜೆ ಮುಂದಿಟ್ಟರು. ಶ್ರೇಣಿಯ ಮೊದಲ ನಾಲ್ಕು ತಂಡಗಳಾದ ಸ್ಪೇನ್, ಅರ್ಜೆಂಟೀನ, ಫ್ರಾನ್ಸ್, ಇಂಗ್ಲೆಂಡ್ ತಮ್ಮತಮ್ಮ ಗುಂಪಿನಲ್ಲಿ ಮೊದಲಿಗರಾದರೆ ಉಪಾಂತ್ಯಕ್ಕೆ ಮುಂಚೆ ಪರಸ್ಪರ ಎದುರಾಗದಂತೆ ಅವುಗಳನ್ನು ನಾಲ್ಕು ಬೇರೆ ದಾರಿಗಳಲ್ಲಿ ಇರಿಸಿದರು. ಇಲ್ಲಿಯೂ ‘ಮೊದಲಿಗರಾದರೆ’ ಎಂಬ ಮಾತನ್ನು ಗಮನಿಸಬೇಕು. ದಾರಿಯನ್ನು ಪಟ್ಟಿಯು ತೋರಿಸುವುದು; ನಡೆಯಬೇಕಾದವರು ಆಟಗಾರರೇ.

ಮೊದಲಿನ ಪ್ರಶ್ನೆಗೆ ನನ್ನ ಉತ್ತರವಿದು. ಸೀಡಿಂಗ್ ನ್ಯಾಯವಾಗಬೇಕಾದರೆ ಮೂರು ಲಕ್ಷಣಗಳು ಬೇಕು: ನಿಯಮವು ಮುಂಚಿತವಾಗಿಯೇ ಎಲ್ಲರಿಗೂ ತಿಳಿದಿರಬೇಕು, ತೂಕವು ಹೆಸರಿನಿಂದಾಗಲಿ ದಾಕ್ಷಿಣ್ಯದಿಂದಾಗಲಿ ಅಲ್ಲದೆ ಮೈದಾನದ ಮೇಲಿನ ಸಾಧನೆಯಿಂದಲೇ ಆಗಬೇಕು, ಮೊದಲ ಪಂದ್ಯದ ಸೀಟಿ ಊದಿದಾಗ ಎಲ್ಲರ ಅಂಕವೂ ಸೊನ್ನೆಯೇ ಆಗಿರಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಮೊದಲನೆಯ ಪಾತ್ರೆಯಲ್ಲಿದ್ದ ಜರ್ಮನಿಗೆ ಯಾರೂ ಮುಂಗಡವಾಗಿ ಒಂದು ಗೋಲನ್ನು ಕೊಡಲಿಲ್ಲ. ನಾಲ್ಕನೆಯದರಲ್ಲಿದ್ದ ಮೊರಾಕೊದಿಂದ ಯಾರೂ ಒಂದು ಗೋಲನ್ನು ಕಳೆಯಲಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೇರೆಬೇರೆ ಶಾಲೆಗಳಲ್ಲಿ ಉಪಾಧ್ಯಾಯಿನಿಯರಾಗಿದ್ದು, ಆಟದ ಪಂದ್ಯಗಳನ್ನು ಏರ್ಪಡಿಸುವ ಭಾರವನ್ನು ಹೊತ್ತಿದ್ದಾರೆ. ಹೋದ ವರ್ಷ ಅಂತಿಮ ಪಂದ್ಯವಾಡಿದ ಎರಡು ತಂಡಗಳನ್ನು ಪಟ್ಟಿಯ ಎರಡು ತುದಿಗಳಲ್ಲಿ ಇರಿಸಿ, ಉಳಿದವುಗಳಿಗೆ ಮಕ್ಕಳ ಎದುರಿನಲ್ಲಿಯೇ ಚೀಟಿ ಎತ್ತಿಸಿದರೆ ಸಾಕು. ಜಗಳಗಳಲ್ಲಿ ಬಹುಪಾಲು ಅಲ್ಲಿಗೇ ಮುಗಿಯುವುದು. ಪೋಷಕರಲ್ಲಿಯೂ ಒಂದು ಅರಿಕೆಯಿದೆ. ತಮ್ಮ ಮಗಳನ್ನು ಈ ವರ್ಷ ಕೆಳಗಿನ ತಂಡಕ್ಕೆ ಸೇರಿಸಿದರೆಂದು ವ್ಯಸನಪಡುವುದಕ್ಕೆ ಮುಂಚೆ, ಆ ವಿಂಗಡಣೆಯು ಹಿಂದಿನ ಆಟಗಳ ಲೆಕ್ಕವೇ ಹೊರತು ಮುಂದಿನ ಆಟದ ತೀರ್ಪಲ್ಲವೆಂಬುದನ್ನು ಆಕೆಗೆ ತಿಳಿಸಿಕೊಡಬೇಕು. ಆಮೇಲೆ ಆಕೆಯನ್ನು ತಪ್ಪದೆ ಮೈದಾನಕ್ಕೆ ಕಳುಹಿಸಬೇಕು.